ಇಸ್ತ್ರಿ ಹಾಕದ ಬರ್ಮಾ ನೋಟು

ಶಿವಮೊಗ್ಗ, ೧೧ ಜನವರಿ ೨೦೨೫. ನವುಲೆಯಲ್ಲಿ ನಡೆದ ಹಳೆಯ ನೋಟುಗಳ ಪ್ರದರ್ಶನದಿಂದ ಈಗಷ್ಟೇ ಬಂದೆ.

ಸುಮನಾ,

ಗೆದ್ದೆ! ಒಂದರ ಹಿಂದೊಂದು ನಂಬರಿದ್ದ ಎರಡು ಬರ್ಮಾ ನೋಟುಗಳನ್ನು ಹಂಚಿಕೊಂಡಿದ್ದೆವಲ್ಲ, ಅದರಲ್ಲಿ ನನ್ನದಕ್ಕೆ ಮೊದಲ ಬಹುಮಾನ.

"ಮಡಿಕೆ ಬಿದ್ದಿದ್ದನ್ನ ಯಾರು ಮೂಸ್ತಾರೆ ಮಾರಾಯ್ತಿ, ಇಸ್ತ್ರಿ ಹಾಕು" ಎಂದು ನೀನು ಹಟ ಹಿಡಿದು, ನಿನ್ನದಕ್ಕೆ ಹಾಕಿಯೂಬಿಟ್ಟೆ. ಆ ಜಗಳದಲ್ಲೇ ನಮ್ಮ ಮಾತು ನಿಂತಿತು.

ಇವತ್ತು ತೀರ್ಪುಗಾರರು ನೋಟನ್ನು ಬೆಳಕಿಗೆ ಹಿಡಿದು, "ಇಸ್ತ್ರಿ ಹಾಕಿದ್ರೆ ಕಾಗದದ ಜೀವಾನೇ ಹೋಗ್ತಿತ್ತು ಮೇಡಂ" ಎಂದರು. ಆಮೇಲೆ ನಂಬರು ನೋಡಿ, "ಇದರ ಜೋಡಿ ಯಾರ ಹತ್ರ ಇದೆಯೋ!" ಎಂದರು.

ಈ ಕಾಗದ ಕಳಿಸುವುದಿಲ್ಲ. ನಾಳೆ ಭದ್ರಾವತಿ ಬಸ್ಸು ಹತ್ತಿ ಜನ್ನಾಪುರದ ನಿಮ್ಮ ಮನೆಗೆ ನಾನೇ ಬರುತ್ತೇನೆ. ಮುಂದಿನ ವರ್ಷ ನಿನ್ನ ಇಸ್ತ್ರಿ ನೋಟು ನನ್ನದರ ಪಕ್ಕದಲ್ಲೇ ಇರಬೇಕು.