ಮಲಗಿದ್ದ ಶಾಫ್ಟಿನ ಸಂಚಾರ

ಮಾರ್ಚ್ ೪, ಸೋಮವಾರ
ಮನುಕುಲದ ಚರಿತ್ರೆಯಲ್ಲಿ ದಾಖಲಾಗತಕ್ಕ ಸುದ್ದಿ: ನನ್ನ ಕುರ್ಚಿ ಇಂದು ಕಿರುಗುಟ್ಟುವುದನ್ನು ನಿಲ್ಲಿಸಿತು. ಎಣ್ಣೆ ಬಿಟ್ಟೆ. ಎಣ್ಣೆಯೇ ಬೇಡದ ಬೇರಿಂಗ್ ಮಾಡುವ ಲ್ಯಾಬಿನಲ್ಲಿ ಎಣ್ಣೆ ಡಬ್ಬಿ ಹುಡುಕಲು ಅರ್ಧ ದಿನ ಹೋಯಿತು.
ಉಳಿದರ್ಧದಲ್ಲಿ, ಆ ಬೇರಿಂಗಿನೊಳಗೆ ತಿರುಗುವ ಉಕ್ಕಿನ ದಂಡ, ನಮ್ಮ ಶಾಫ್ಟ್, ಬಿತ್ತು. ತಣ್ಣಗಿದ್ದಾಗ, ನನ್ನ ಪ್ರೋಗ್ರಾಮ್ ಹೇಳಿದಂತೆ ಎಳೆಯುವ ಆಯಸ್ಕಾಂತಗಳ ನಡುವೆ ತೇಲುತ್ತಾ ಬುಗುರಿಯಂತೆ ತಿರುಗುತ್ತದೆ. ಐನೂರು ಡಿಗ್ರಿಗೆ ಕಾಯಿಸಿದರೆ... ಧೊಪ್! ಬಿದ್ದಾಗ ಹಿಡಿದುಕೊಳ್ಳುವ ರಿಂಗುಗಳು ಇನ್ನೊಂದು ಏಟು ತಡೆಯಲಾರವು. ಮತ್ತೆ ಬಿದ್ದರೆ ಶಾಫ್ಟೂ ಗುಜರಿಗೆ, ಪ್ರಾಜೆಕ್ಟೂ ಗುಜರಿಗೆ.
"ನಿಮ್ಮ ಪ್ರೋಗ್ರಾಮೇ ನಡುಗುತ್ತೆ ಕಣ್ರೀ, ನಿಮ್ಮ ಥರಾನೇ," ಎಂದರು ಮೇಡಂ. ಲ್ಯಾಬಿನ ಮುಖ್ಯಸ್ಥೆ. ಮನೆಯಲ್ಲಿ ಇವರೇ ಅತ್ತಿಗೆ — ಹೆಂಡತಿಯ ಅಕ್ಕ. ಗೇಟಿನೊಳಗೆ ಹಾಗೆ ಕರೆದರೆ ಕಣ್ಣಲ್ಲೇ ಸುಡುತ್ತಾರೆ.

ಮಾರ್ಚ್ ೫
ಪ್ರೋಗ್ರಾಮ್ ಮತ್ತೆ ಜಾಲಾಡಿದೆ. ತಪ್ಪು ಸಿಗಲಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ. ಮನೆಯಲ್ಲೂ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ.
"ಏನನ್ನೂ ಮುಟ್ಟದೆ ಸುಮ್ನೆ ತಿರುಗೋ ಮಷೀನು ಅಂದ್ರಲ್ಲಾ," ಎಂದಳು ಹೆಂಡತಿ. "ನನ್ನ ಹತ್ರ ಆಗ್ಲೇ ಒಂದಿದೆ. ಪಾತ್ರೆ ತೊಳೀರಿ."
ತೊಳೆದೆ.

ಮಾರ್ಚ್ ೯
ಅನುಮಾನ ಬಂದಿದೆ. ಬರಬಾರದವರ ಮೇಲೆ.
ಶಾಫ್ಟ್ ಎಲ್ಲಿದೆ ಎಂದು ನೋಡುವ ಸೆನ್ಸರ್ ಒಂದು ಲೋಹದ ಬ್ರಾಕೆಟ್ ಮೇಲೆ ಕೂತಿದೆ. ಬಿಸಿಗೆ ಬ್ರಾಕೆಟ್ಟೇ ಹಿಗ್ಗಿದರೆ? ಸೆನ್ಸರ್ ತಾನು ಸರಿದು, ಶಾಫ್ಟ್ ಸರಿಯಿತೆಂದು ಚಾಡಿ ಹೇಳುತ್ತದೆ. ನನ್ನ ಪ್ರೋಗ್ರಾಮ್, ಪಾಪ, ಅದನ್ನು ನಂಬಿ ನಟ್ಟನಡುವೆ ಇದ್ದ ಶಾಫ್ಟನ್ನು ಪಕ್ಕಕ್ಕೆಳೆಯುತ್ತದೆ.
ಬ್ರಾಕೆಟ್ ಡಿಸೈನ್ ಮೇಡಂದು. ನನ್ನ ಕೆಲಸಕ್ಕೆ ಶಿಫಾರಸೂ ಮೇಡಂದು. ಗುರುವಾರ ಸಂಸ್ಥೆಯ ದೊಡ್ಡವರ ಎದುರು ಬಿಸಿ ಪರೀಕ್ಷೆ. ಹೇಳಿದರೆ ನಾನು ಬೀಳುತ್ತೇನೆ, ಹೇಳದಿದ್ದರೆ ಶಾಫ್ಟ್.

ಮಾರ್ಚ್ ೧೧, ಮಧ್ಯಾಹ್ನ
ಹೇಳಿಬಿಟ್ಟೆ. ಗಾಬರಿಯಲ್ಲಿ "ಅತ್ತಿಗೇ" ಎಂದೇ ಬಾಯಿ ತೆರೆಯಿತು. ಲ್ಯಾಬಿನವರೆಲ್ಲ ತಿರುಗಿ ನೋಡಿದರು.
"ತಿರುಗಿಸ್ಬೇಡಿ," ಎಂದರು ಮೇಡಂ. "ಶಾಫ್ಟ್ ಮಲಗಿರ್ಲಿ. ಬರೀ ಕಾಯ್ಸಿ. ಸ್ಕ್ರೀನಲ್ಲಿ ಸೆನ್ಸರಿನ ಗೆರೆ ಅಲ್ಲಾಡ್ಲಿಲ್ಲ ಅಂದ್ರೆ ಆಮೇಲೆ ನಿಮ್ಮನ್ನ ವಿಚಾರಿಸ್ಕೋತೀನಿ."
ಕಾಯಿಸಿದೆವು. ಶಾಫ್ಟ್ ಗೊರಕೆ ಹೊಡೆಯುವುದೊಂದು ಬಾಕಿ. ಸ್ಕ್ರೀನಿನಲ್ಲಿ ಅದೇ ಶಾಫ್ಟ್ ವಾಯುವಿಹಾರಕ್ಕೆ ಹೊರಟಿತ್ತು!
ಮೇಡಂ ಗೆರೆಯ ಮೇಲೆ ಬೆರಳಿಟ್ಟರು. "ನನ್ನ ಬ್ರಾಕೆಟ್ಟೇ," ಎಂದು ಎದ್ದು ಹೋದರು. ಗೆದ್ದ ಖುಷಿ ಬರಲೇ ಇಲ್ಲ...

ಮಾರ್ಚ್ ೧೪, ಗುರುವಾರ ಸಂಜೆ
ಬ್ರಾಕೆಟ್ ಹಿಗ್ಗುವಷ್ಟನ್ನು ಕಳೆದು ನೋಡುವಂತೆ ಪ್ರೋಗ್ರಾಮಿಗೆ ಕಲಿಸಿದೆವು, ಇಬ್ಬರೂ ಕೂತು. ಇಂದು ಐನೂರು ಡಿಗ್ರಿ. ಪೂರ್ತಿ ವೇಗ. ತೇಲುತ್ತಿದೆ!
"ತಪ್ಪು ನಂದು, ಹಿಡಿದದ್ದು ಇವ್ರು," ಎಂದರು ಮೇಡಂ ದೊಡ್ಡವರಿಗೆ. ಅವರು ಹೋದ ಮೇಲೆ ನನಗೆ: "ತಂಗಿಗೆ ಹೇಳಿ, ರಾತ್ರಿ ಊಟಕ್ಕೆ ಬರ್ತೀನಿ. ಇಲ್ಲಿ ಮಾತ್ರ ಮೇಡಂ ಅನ್ನಿ ಮಾರಾಯ್ರೇ."
ಶಾಫ್ಟ್ ತಣಿದು ನಿಲ್ಲುವವರೆಗೆ ಕದಲುವಂತಿಲ್ಲ. ಫೋನು ಹೊರಗೆ, ಲಾಕರಿನಲ್ಲಿ. ಈ ಪುಟವನ್ನು ಕದ್ದು ಇಣುಕುತ್ತಿರುವ ಮಹನೀಯರೇ, ಒಂದು ಉಪಕಾರ: ನನ್ನ ಮನೆಗೆ ಫೋನ್ ಮಾಡಿ, ಇನ್ನೊಂದು ತಟ್ಟೆ ಇಡಲು ಹೇಳಿ. ನಂಬರ್ — ಅಯ್ಯೋ, ಅದೂ ಲಾಕರಿನೊಳಗಿನ ಫೋನಿನಲ್ಲೇ ಇದೆ!