ಬಾಡಿದ ಬಿಲ್ವಪತ್ರೆ

ಮಂಗಳವಾರ, ಜುಲೈ ೮. ನಂಜನಗೂಡು

ಅತ್ತೆ ಚನ್ನಾಜಮ್ಮನ ಮಾತನ್ನು ಇವತ್ತು ನಂಬಲಾರೆ. ನಾಳೆ ಅವರ ಸಕ್ಕರೆ ಪರೀಕ್ಷೆ. ಕಾಲೇಜಿನಿಂದ ಬಂದು ಕೇಳಿದರೆ, "ಆಗ್ಲೇ ಉಂಡೆ ಕಣವ್ವ, ಸುಮ್ಕಿರು," ಎಂದು ಮುಖ ತಿರುಗಿಸಿ ಮಲಗಿದರು.

ಬೆಳಿಗ್ಗೆಯಷ್ಟೇ ಪಾಠ ಮಾಡಿದ್ದೆ: ಲೈಸೋಸೋಮ್ ಜೀವಕೋಶದ ಕಸದ ತೊಟ್ಟಿಯಷ್ಟೇ ಅಲ್ಲ. ಆಹಾರ ಬಂತೋ ಇಲ್ಲವೋ ಎಂಬುದು ಅದಕ್ಕೆ ತಿಳಿಯುತ್ತದೆ. ಬರದಿದ್ದರೆ ಕೋಶ ಬೆಳವಣಿಗೆ ನಿಲ್ಲಿಸಿ, ತನ್ನದೇ ಹಳೆಯ ಸಾಮಾನನ್ನು ಅಲ್ಲಿ ಕರಗಿಸಿಕೊಂಡು ಬದುಕುತ್ತದೆ. ಅದರ ಹತ್ತಿರ ಸುಳ್ಳು ನಡೆಯುವುದಿಲ್ಲ.

ನನ್ನ ಹತ್ತಿರ ನಡೆಯುತ್ತದೆಯೇ? ಲಿಂಗಪೂಜೆ ಮಾಡದೆ ಅತ್ತೆ ತುತ್ತು ಮುಟ್ಟುವವರಲ್ಲ. ಪೂಜೆಗೆಂದು ನಾನು ಕಿತ್ತಿಟ್ಟ ಬಿಲ್ವಪತ್ರೆ ತಟ್ಟೆಯಲ್ಲೇ ಬಾಡಿದೆ. ರಿಪೋರ್ಟು ಚೆನ್ನಾಗಿ ಬರಲೆಂದು ಇಡೀ ದಿನ ಉಪವಾಸ!

ಪಟ್ಟಿ ನೋಡಿದೆ: ಸಕ್ಕರೆ ಮಾತ್ರೆಯನ್ನು ಮಾತ್ರ ಎರಡು ಹೊತ್ತೂ ನುಂಗಿದ್ದಾರೆ. ಖಾಲಿ ಹೊಟ್ಟೆಗೆ. ಸಕ್ಕರೆ ತೀರಾ ಇಳಿದುಬಿಟ್ಟಿದ್ದರೆ? ಇಲ್ಲಿಂದಲೇ ಕೂಗಿದೆ. ಓಗೊಡಲಿಲ್ಲ. ಬೆಲ್ಲದ ಡಬ್ಬ—