ನಮ್ಮ ಮನೆಯ ಬೀದಿ ಕಿಟಕಿ

ಅಮ್ಮಾ,

ನೀನು ಬದುಕಿದ್ದಷ್ಟು ದಿನ, ಡಾಖಾವ್‌ಗೆ ಬಂದು ನಾಜಿಗಳ ಸೆರೆಶಿಬಿರದ ದಾರಿ ಕೇಳಿದವರಿಗೆಲ್ಲ "ಮೊದಲು ಅರಮನೆ ತೋಟ ನೋಡಿ, ಚೆನ್ನಾಗಿದೆ" ಅನ್ನುತ್ತಿದ್ದವಳು ನೀನು. ಇವತ್ತು ಫ್ರಾನ್ಸಿನಿಂದ ಬಂದ ಓಡೆಟ್ ಎಂಬಾಕೆಯನ್ನು ಸ್ಟೇಷನ್ನಿನಿಂದ ಶಿಬಿರಕ್ಕೆ ನಾನೇ ಕರೆದುಕೊಂಡು ಹೊರಟೆ. ಆಕೆಯ ಅಪ್ಪ ಕೈದಿಯಾಗಿ ನಡೆದ ದಾರಿ ಅದು. ನಮ್ಮ ಮನೆಯ ಮುಂದೆ ಆಕೆ ನಿಂತುಬಿಟ್ಟಳು.

"ಇಂಥದೇ ಕಿಟಕಿಯಿಂದ ಯಾರೋ ಹುಡುಗಿ ಅಪ್ಪನಿಗೆ ಬೇಯಿಸಿದ ಆಲೂಗೆಡ್ಡೆ ಎಸೆದಳಂತೆ. ಸಾಯೋವರೆಗೂ ಹೇಳ್ತಿದ್ರು. ಆಗ ಇಲ್ಲಿ ಯಾರಿದ್ರು?"

"ನಮ್ಮಮ್ಮ. ಇನ್ನೂ ಹುಡುಗಿ ಆಗ."

"ಹಾಗಾದ್ರೆ ಅವರೇನಾ?"

"ಗೊತ್ತಿಲ್ಲ. ಆ ದಿನಗಳ ಬಗ್ಗೆ ಅವಳು ಬಾಯೇ ಬಿಡ್ತಿರಲಿಲ್ಲ."

ಓಡೆಟ್ ನಿನ್ನ ಕಿಟಕಿಯ ಕೆಳಗೆ ಹೋಗಿ ನಿಂತಳು. ಆಮೇಲೆ ಅದರತ್ತ ಕೈಯೆತ್ತಿ, "ನಿಮ್ಮಿಂದ ಉಪಕಾರ ಆಯ್ತು ತಾಯಿ" ಎಂದಳು.

ನಾನು ಆಕೆಯನ್ನು ತಡೆಯಲಿಲ್ಲ.

ಗಿಜೆಲಾ